ಭಾವ ಮುಖ ತೊಳೆಯದ ದಿನ

ನಮ್ಮ ಭಾವ ಹೊಟ್ಟೆಕಿಚ್ಚು ಪಟ್ಟದ್ದು ಒಬ್ಬ ಸಿನಿಮಾ ನಟನ ಮೇಲೆ. ಅದೂ ಮುಖಕ್ಕೆ ಮಸಿ ಬಳಿದುಕೊಂಡವನ ಮೇಲೆ.

ಭಾವ ಕಲ್ಲಿದ್ದಲು ಗಣಿಯಲ್ಲಿ ಮೇಲ್ಭಾಗ ಕುಸಿಯದಂತೆ ಮರದ ಕಂಬ ನಿಲ್ಲಿಸುವವರು. ಪಾಳಿ ಮುಗಿದ ಮೇಲೆ ಎಲ್ಲರಂತೆ ಗಣಿಯ ಸ್ನಾನದ ಮನೆಯಲ್ಲೇ ಸೋಪು ಹಾಕಿ ತಿಕ್ಕಿ ತೊಳೆದು, ತಲೆ ಬಾಚಿಕೊಂಡು ಬರುತ್ತಿದ್ದರು. ಬ್ಯಾಂಕಿನ ಗುಮಾಸ್ತ ಎಂದರೂ ನಂಬಬಹುದಿತ್ತು. ಮದುವೆಯಾದಂದಿನಿಂದ ಅಕ್ಕ ಅವರ ಮಸಿ ಮುಖ ನೋಡಿದ್ದೇ ಇರಲಿಲ್ಲ.

ಹೀಗಿರುವಾಗ ಗಣಿ ಕೆಲಸದವರ ಸಿನಿಮಾ ಬಂತು. ನಾನೂ ಅಕ್ಕನೂ ಮೂರು ಸಲ ನೋಡಿದೆವು. ನಾಯಕ ಗಣಿಯಿಂದ ಮೇಲೆ ಬಂದು ಮಾತಿಲ್ಲದೆ ನಿಲ್ಲುತ್ತಾನೆ. ಮುಖವೆಲ್ಲ ಕಪ್ಪು, ಕಣ್ಣು ಮಾತ್ರ ಬೆಳ್ಳಗೆ. ಅಕ್ಕನಿಗೆ ಪ್ರತಿ ಸಲವೂ ಅಳು.

"ಪಾಪ, ಎಷ್ಟು ಕಷ್ಟಪಡ್ತಾನೆ," ಎಂದು ಮನೆಗೆ ಬಂದು ಭಾವನ ಎದುರಿಗೇ ಹೇಳಿದಳು.

"ನಾನೇನು ಅಲ್ಲಿಗೆ ಹೂ ಕೀಳೋಕೆ ಹೋಗ್ತೀನಾ?"

"ಸುಮ್ನಿರಿ. ಅವನ ಕಣ್ಣು ನೋಡಿದ್ರೆ ಕರುಳು ಚುರುಕ್ ಅನ್ನುತ್ತೆ."

ಅಂದು ಭಾವನಿಗೆ ಊಟ ಸೇರಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು, "ಆ ಮಸಿ ತೊಳೆಯೋಕೂ ಅವನು ಆಳು ಇಟ್ಕೊಂಡಿರ್ತಾನೆ, ಗೊತ್ತಾ?" ಎಂದರು. ನನಗೆ ನಗು ತಡೆಯಲಾಗಲಿಲ್ಲ. ಅವರಿಗೆ ಒಳಗೊಳಗೇ ಬೆಂಕಿ ಬಿದ್ದಿತ್ತು.

ಮರುದಿನ ಪಾಳಿ ಮುಗಿಸಿದ ಭಾವ ಸ್ನಾನದ ಮನೆಗೆ ಕಾಲಿಡದೆ ಮೆಲ್ಲಗೆ ಜಾರಿಕೊಂಡರು. ಅಕ್ಕ ತಮ್ಮನ್ನೂ ಒಂದೇ ಒಂದು ಸಲ ಹಾಗೆ ನೋಡಲಿ ಎಂಬ ಆಸೆ. ಆ ಭರದಲ್ಲಿ ಗಣಿಯವರೆಲ್ಲರಿಗೂ ಗೊತ್ತಿರುವುದನ್ನೇ ಮರೆತುಬಿಟ್ಟರು. ನಮ್ಮ ಬೀದಿಗೆ ಮಸಿ ಮುಖದಲ್ಲಿ ಬರುವವನು ಒಬ್ಬನೇ: ಕೆಳಗೆ ಯಾರಾದರೂ ಸತ್ತಾಗ, ತೊಳೆದುಕೊಳ್ಳಲೂ ನಿಲ್ಲದೆ ಆ ಮನೆಗೆ ಸುದ್ದಿ ತರುವವನು.

ಹೆಂಗಸರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದರು. ಆ ಮಸಿ ಮುಖ ತಮ್ಮ ಮನೆ ದಾಟಿ ಹೋದ ಮೇಲೆ ಬಾಗಿಲು ಹಾಕಿಕೊಂಡರು. ಎಲ್ಲರೂ ತಮ್ಮನ್ನೇ ನೋಡುತ್ತಿದ್ದಾರೆಂದು ಭಾವ ಎದೆಯುಬ್ಬಿಸಿ ನಡೆದರು.

ಅಕ್ಕ ಬಾಗಿಲು ತೆರೆದಾಗ ನಾನು ಅವಳ ಹಿಂದೆಯೇ ಇದ್ದೆ. ಭಾವ ಆ ನಾಯಕನ ಹಾಗೆ ಮಾತಿಲ್ಲದೆ ನಿಂತರು. ಅಕ್ಕನಿಗೆ ಕಂಡದ್ದು ಮಸಿ ಮುಖ ಮಾತ್ರ.

"ನಮ್ಮನೆಯವ್ರಾ?" ಎಂದು ಕೇಳಿದವಳು ಉತ್ತರಕ್ಕೂ ಕಾಯದೆ ಹೊಸ್ತಿಲಲ್ಲೇ ಕುಸಿದಳು.

"ನಾನೇ ಕಣೇ, ನಾನೇ!" ಭಾವ ಪಕ್ಕದಲ್ಲಿ ಕೂತು ಬಡಬಡಿಸಿದರು.

ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು. ಆ ನಟನಿಗಾಗಿ ಮೂರು ಸಲ ಸೇರಿಸಿದರೂ ಅಷ್ಟು ಅತ್ತಿರಲಿಲ್ಲ. ಭಾವನಿಗೆ ಬೇಕಾದದ್ದು ಸಿಕ್ಕಿತ್ತು. ಕೈ ಹಿಡಿಯಲು ಹೋದರೆ ಅಕ್ಕ ಕೊಸರಿಕೊಂಡಳು.

"ಮುಟ್ಬೇಡಿ. ಮೊದ್ಲು ಮುಖ ತೊಳ್ಕೊಂಡು ಬನ್ನಿ. ನೀವೇನಾ ಅಂತ ನಾನು ನೋಡ್ಬೇಕು."