ಇಪ್ಪತ್ತನೆಯ ವಾಕ್ಯ

'ಟೇಕ್' ಅನ್ನುವ ಒಂದೇ ಕ್ರಿಯಾಪದಕ್ಕೆ ಬೋರ್ಡಿನ ಮೇಲೆ ಹತ್ತೊಂಬತ್ತು ವಾಕ್ಯಗಳಾಗಿದ್ದವು. ಟೇಕ್ ಟೀ, ಟೇಕ್ ರೆಸ್ಟ್, ಟೇಕ್ ಸೆಲ್ಫಿ ಎಂದು ನನ್ನ ಒಂಬತ್ತನೇ ಕ್ಲಾಸಿನ ಮಕ್ಕಳು ಪೈಪೋಟಿಗೆ ಬಿದ್ದಿದ್ದರು. "ಇಪ್ಪತ್ತು ಮಾಡೋರು ಯಾರ್ರೋ?" ಎಂದೆ. ಯಾವತ್ತೂ ಬಾಯಿ ಬಿಡದ ರೇಣುಕಾ ಎದ್ದು ನಿಂತಳು.

"ಟುಮಾರೊ ಐ ಟೇಕ್ ಟಿಸಿ, ಮಿಸ್."

ನನಗೆ ಹಿಗ್ಗೋ ಹಿಗ್ಗು. ನಡುವೆ ಒಂದು 'ವಿಲ್' ಸೇರಿಸಿ ಬೋರ್ಡಿನಲ್ಲಿ ಬರೆದು, ಎಲ್ಲರಿಂದ ಚಪ್ಪಾಳೆ ಹೊಡೆಸಿದೆ. ಅವಳು ಮಾತ್ರ ಕೂರದೆ ನನ್ನ ಮುಖವನ್ನೇ ನೋಡುತ್ತಿದ್ದಳು. ನಾಚಿಕೆ ಇರಬೇಕು ಅಂದುಕೊಂಡು ಕೂರಿಸಿದೆ. ಅಷ್ಟರಲ್ಲಿ ಬೆಲ್ ಹೊಡೆಯಿತು.

ಮರುದಿನ ಬೆಳಿಗ್ಗೆ ಅಜ್ಜಂಪುರದ ಬಸ್ಸಿಳಿದು ನಾನು ಶಾಲೆಗೆ ಬರುವಷ್ಟರಲ್ಲಿ ಅವಳ ಅಪ್ಪ ಆಫೀಸ್ ರೂಮಿನ ಬಾಗಿಲಲ್ಲಿದ್ದರು. ಪಕ್ಕದಲ್ಲಿ ತಲೆ ತಗ್ಗಿಸಿದ ರೇಣುಕಾ.

"ಕಡೂರಲ್ಲಿ ಇವ್ಳ ದೊಡ್ಡಮ್ಮ ಹಾಸಿಗೆ ಹಿಡಿದ್ಬಿಟ್ಳು ಮಿಸ್ಸೋರೆ, ನೋಡ್ಕಳಕ್ಕೆ ಕಳಿಸ್ತಿದೀನಿ. ಸ್ಕೂಲಿಗೆ ಅಲ್ಲೇ ಸೇರಿಸಿದ್ರಾಯ್ತು. ನಿಮಗೆ ನಿನ್ನೆನೇ ಹೇಳು ಅಂದಿದ್ದೆ, ಹೇಳ್ಲಿಲ್ವಾ ಇವ್ಳು?"

ಹೇಳಿದ್ದಳು. ಇಡೀ ಕ್ಲಾಸಿನ ಎದುರು, ನಾನೇ ಕಲಿಸಿದ ಇಂಗ್ಲಿಷಿನಲ್ಲಿ ಹೇಳಿದ್ದಳು. ಒಂದು ದಿನ ಮೊದಲೇ ಕಿವಿಗೊಟ್ಟಿದ್ದರೆ ಅವರ ಮನೆಗಾದರೂ ಹೋಗಿ ಬೇಡಿಕೊಳ್ಳಬಹುದಿತ್ತು. ಈಗ ಟಿಸಿ ಬರೆದಾಗಿತ್ತು. 'ನಡತೆ' ಎಂಬಲ್ಲಿ 'ಉತ್ತಮ' ಎಂದು ತುಂಬಿದ್ದಷ್ಟೇ ನನ್ನ ಪಾಲಿನ ಕೆಲಸ.

ಮೂರು ತಿಂಗಳ ಮೇಲೆ ಕಡೂರಿನ ಶಾಲೆಗಳಲ್ಲೆಲ್ಲ ವಿಚಾರಿಸಿದೆ. ಆ ಟಿಸಿ ಯಾವ ಶಾಲೆಗೂ ಹೋಗಿ ಮುಟ್ಟಿರಲಿಲ್ಲ. ಈ ವರ್ಷವೂ ಅದೇ ಪಾಠ ಬಂತು. ಹತ್ತೊಂಬತ್ತಕ್ಕೆ ನಿಲ್ಲಿಸಿ ಬೋರ್ಡ್ ಒರೆಸಿಬಿಟ್ಟೆ.