ಒಂಬತ್ತು ಗಂಟೆಯ ನೀರು

ಮೇಲಿನ ಸೇತುವೆ ಮುಳುಗಿ ಒಂಬತ್ತು ತಾಸು ಕಳೆದ ಮೇಲೆ ವಲ್ಲಾರಾ ಹೊಳೆ ತಮ್ಮ ಕೊಟ್ಟಿಗೆ ಮುಟ್ಟುತ್ತದೆಂದು ಮರ್ಲ್‌ಗೆ ಅಪ್ಪ ಕಲಿಸಿದ್ದ. ಆ ಕಣಿವೆಯಲ್ಲಿ ನೆರೆ ಬಂದರೆ ಮೇಲಿನವರು ಕೆಳಗಿನವರಿಗೆ ಫೋನು ಮಾಡುವುದು ರೂಢಿ. ನಲವತ್ತು ವರ್ಷ ಹಸು ಸಾಕಿದ ಮರ್ಲ್ ಅಂದು ಬೆಳಿಗ್ಗೆಯೂ ಹೊಳೆಯ ಕೆಳಗಿನ ಮನೆಯ ಆಲೆಕ್‌ಗೆ ಫೋನು ಮಾಡಿದಳು.

"ಸೇತುವೆ ಮುಳುಗ್ತಂತೆ ಕಣೋ. ಒಂಬತ್ತು ಗಂಟೆ ಟೈಮಿದೆ."

"ಮತ್ಯಾಕೆ ಇಷ್ಟು ಗಾಬರಿ ಮಾರಾಯ್ತಿ? ಹಾಲು ಕರೆದು, ಟೀ ಕುಡಿದೇ ಹೊರಡ್ತೀನಿ," ಎಂದು ಆಲೆಕ್ ನಕ್ಕ.

ನೀರು ನಾಲ್ಕೇ ಗಂಟೆಯೊಳಗೆ ಬಂತು. ಮರ್ಲ್ ಮನೆಯ ಮಾಡು ಹತ್ತಿ ಬದುಕಿದಳು. ಹಸು ಒಂದೂ ಉಳಿಯಲಿಲ್ಲ. ಆಲೆಕ್ ಮೂರನೆಯ ದಿನ ಬೇಲಿತಂತಿಯಲ್ಲಿ ಸಿಕ್ಕ.

ಅವನನ್ನು ಮಣ್ಣು ಮಾಡಿದ ಮೇಲೆ ಅವನ ತಂಗಿ ಜೋನ್ ಬಂದು ಬಾಗಿಲಲ್ಲೇ ನಿಂತಳು. "ಒಂಬತ್ತು ಗಂಟೆ ಅಂದಿದ್ಯಂತೆ."

"ಹೂಂ, ಅಂದಿದ್ದೆ."

ಜೋನ್ ಹೋದಳು. ಮರ್ಲ್‌ಗೆ ಅಳು ಬರಲಿಲ್ಲ. ಹಾಲು ಕರೆಯುವ ಹೊತ್ತಾಯಿತೆಂದು ಬಕೆಟ್ ತೊಳೆದು ಖಾಲಿ ಕೊಟ್ಟಿಗೆಗೆ ಹೋಗಿ ಕೂತಳು. ಎದುರಿಗೆ ಬೋಳು ಗುಡ್ಡ. ಅಪ್ಪನ ಕಾಲದಲ್ಲಿ ಅಲ್ಲಿ ನೀಲಗಿರಿ ಮರಗಳ ಕಾಡಿತ್ತು, ಮಳೆನೀರನ್ನು ಹಿಡಿದು ಮೆಲ್ಲಗೆ ಬಿಡುತ್ತಿತ್ತು. ಹುಲ್ಲುಗಾವಲಿಗೆಂದು ಕಣಿವೆಯವರೆಲ್ಲ ತಮ್ಮ ತಮ್ಮ ಗುಡ್ಡ ಬೋಳಿಸಿದ್ದರು. ಮರ್ಲ್ ತನ್ನದನ್ನು ಬೋಳಿಸುವಾಗ, ಗರಗಸದ ಇನ್ನೊಂದು ತುದಿ ಹಿಡಿದವನು ಆಲೆಕ್.