ತೆಂಗಿನ ಮರ ಹತ್ತುವ ಸಾಧನದ ಎಡ ಪಾದಪಟ್ಟಿಯ ಕುರಿತು

ಮಾನ್ಯ ಓದುಗರಲ್ಲಿ, ಕಾಗುಣಿತದ ತಪ್ಪುಗಳಿಗೂ ನನ್ನ ಕೆಟ್ಟ ಕೈಬರಹಕ್ಕೂ ಮೊದಲೇ ಕ್ಷಮೆ ಕೋರುತ್ತೇನೆ. ನಕ್ಷೆ ಬರೆಯುವುದು ನನ್ನ ವೃತ್ತಿ. ನೆನಪು ಬರೆಯುತ್ತಿರುವುದು ಇದೇ ಮೊದಲು.

ತುಮಕೂರಿನ ಬಟವಾಡಿಯಲ್ಲಿ, ತೆಂಗಿನ ಮರ ಹತ್ತುವ ಸಾಧನ ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ವಿನ್ಯಾಸಕಿ. ಕಾಲಿಡುವ ಎರಡು ಲೋಹದ ಪಟ್ಟಿಗಳ ತೂಕ ಇಳಿಸಲು ನಮ್ಮ ಮಾಲೀಕರು ಹೊಸ ತಂತ್ರಾಂಶ ತರಿಸಿದರು. ಸದರಿ ತಂತ್ರಾಂಶವು ನೂರಾರು ಆಕಾರಗಳನ್ನು ತಾನೇ ಹುಟ್ಟಿಸಿ, ಭಾರ ತಾಳದವುಗಳನ್ನು ಕೈಬಿಟ್ಟು, ತಾಳಿದವುಗಳ ಗುಣಗಳನ್ನು ಬೆರೆಸಿ ಮುಂದಿನ ಪೀಳಿಗೆಯನ್ನು ಹುಟ್ಟಿಸುತ್ತದೆ.

ಕುದುರೆ ಫಾರಂ ಇರುವ ಕುಣಿಗಲ್ಲಿನವಳಾದ ನನಗೆ ಕುದುರೆಯ ತಳಿ ಆರಿಸುವ ಕ್ರಮ ಹೊಸದಲ್ಲ. ಆದರೆ ಅಲ್ಲಿ, ಈ ಮರಿಯ ಕಾಲು ಹೀಗೇಕೆ ಎಂದು ಕೇಳಿದರೆ ಉತ್ತರಿಸುವವರಿದ್ದರು. ಪರದೆಯ ಮೇಲೆ ಮೂಡಿದ ಪಟ್ಟಿಯೋ ಹುಳು ತಿಂದ ಎಲೆಯಂತಿತ್ತು; ತೂತು ಅಲ್ಲೇ ಏಕೆಂದು ಹೇಳುವವರಿರಲಿಲ್ಲ. ನಕ್ಷೆಗೆ ಸಹಿ ಹಾಕಬೇಕಾದವಳು ನಾನು. ಮರದ ತುದಿಯಲ್ಲಿ ಅದರ ಮೇಲೆ ನಿಲ್ಲಬೇಕಾದವರು ಗುಬ್ಬಿಯಲ್ಲಿ ಕಾಯಿ ಕೀಳುವ ಒಬ್ಬ ಅಣ್ಣ.

“ಕಂಪ್ಯೂಟರ್ ಮೇಲೂ ಡೌಟ್ ಪಡ್ತೀಯಲ್ಲಮ್ಮ, ಅದೇನ್ ನಿಮ್ಮತ್ತೇನಾ?” ಎಂದರು ಮಾಲೀಕರು.

ನಾನು ಸಹಿಯನ್ನು ತಡೆಹಿಡಿದೆ. ಮೊದಲು ಮಾದರಿಯನ್ನು ಗುಬ್ಬಿಗೆ ಒಯ್ದು, ಮೊಳಕಾಲೆತ್ತರದಲ್ಲಷ್ಟೇ ಪರೀಕ್ಷಿಸತಕ್ಕದ್ದೆಂದು ಷರತ್ತು ಹಾಕಿದೆ.

ಅಣ್ಣ ಎರಡೂ ಕಾಲೂರಿ ನಿಂತರು, ಪಟ್ಟಿ ಅಲುಗಲಿಲ್ಲ. ಜೊತೆಗೆ ಬಂದಿದ್ದ ಮಾಲೀಕರು ನನ್ನತ್ತ ನೋಡಿ ನಕ್ಕರು. ಬಳಿಕ ಅಣ್ಣ ಗೊನೆಗೆ ಕೈ ಚಾಚುವವರಂತೆ ಪಕ್ಕಕ್ಕೆ ವಾಲಿ, ಇಡೀ ಮೈಭಾರವನ್ನು ಎಡಗಾಲಿಗೆ ಬಿಟ್ಟರು. ಎಡಗಡೆಯ ಪಟ್ಟಿ ಸದ್ದಿಲ್ಲದೆ ಬಾಗಿತು. ಅವರು ನೆಲಕ್ಕೆ ಕಾಲಿಟ್ಟು ಅದನ್ನೇ ನೋಡಿದರು.

“ಭಾರ ಎಂಗ್ ಹಾಕಿದ್ರವ್ವ ಇದುಕ್ಕೆ?”

“ಕಂಪ್ಯೂಟರಲ್ಲಿ ಎರಡು ಕಾಲಿಗೂ ಸಮವಾಗಿ ಹಾಕಿದ್ದೆ ಅಣ್ಣ.”

“ಅಂಗ್ ನಿಂತ್ಕಳೋದು ಫೋಟೊ ತೆಗ್ಸ್ಕಳಾಕೆ ಕಣವ್ವ! ಕಾಯ್ ಕೀಳೋವಾಗ ಒಂದೇ ಕಾಲು.”

ಮಾಲೀಕರು ಮತ್ತೆ ನಗಲಿಲ್ಲ. ಅಷ್ಟು ದಿನ ತಂತ್ರಾಂಶವನ್ನು ಶಂಕಿಸಿದ ನಾನು, ಅದಕ್ಕೆ ನಾನೇ ಕೊಟ್ಟ ಭಾರವನ್ನು ಒಮ್ಮೆಯೂ ಶಂಕಿಸಿರಲಿಲ್ಲ. ಪ್ರತಿ ಪೀಳಿಗೆಯೂ ನನ್ನ ತಪ್ಪಿಗೆ ಇನ್ನಷ್ಟು ಚೆನ್ನಾಗಿ ಹೊಂದಿಕೊಂಡೇ ಹುಟ್ಟಿತ್ತು.

ಪೂರ್ತಿ ಭಾರವನ್ನು ಒಂದೊಂದೇ ಕಾಲಿಗೆ ಕೊಟ್ಟು ಮತ್ತೆ ಪೀಳಿಗೆಗಳನ್ನು ಹುಟ್ಟಿಸಿದೆವು. ಹೊಸ ಪಟ್ಟಿ ಅಷ್ಟೇನೂ ಹಗುರವಾಗಲಿಲ್ಲ, ಆದರೆ ಬಾಗಲಿಲ್ಲ. ಅಣ್ಣ ಎಡಗಾಲಲ್ಲಿ ನಿಂತು ತಲೆಯಾಡಿಸಿದ ಮೇಲೆಯೇ, ಅವರೆದುರಿಗೇ ಸಹಿ ಹಾಕಿದೆ.

ನನ್ನ ತಪ್ಪು ನನ್ನ ಕಣ್ಣಿಗೆ ಬೀಳುತ್ತದೆಂಬ ನಂಬಿಕೆ ಅಂದಿನಿಂದ ನನಗಿಲ್ಲ. ಆದುದರಿಂದ ಈ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ, ತಾವು ಸಂಕೋಚಪಡದೆ ತಿದ್ದಿಕೊಡಬೇಕಾಗಿ ವಿನಂತಿಸುತ್ತೇನೆ.